ಕುಡಿಕೆ ಹೊನ್ನು ಎಷ್ಟಿದ್ದರೆ ಸಾಕು? ನಿವೃತ್ತಿಯ ಲೆಕ್ಕ ಹಾಕುವ ಬಗೆ

"ಭಾವ, ಒಂದು ಕೋಟಿ ಇದ್ದರೆ ಸಾಕಲ್ವಾ?"

ಕಳೆದ ತಿಂಗಳು ಮೈಸೂರಿನಲ್ಲಿ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುವಾಗ ನನ್ನ ಭಾವಮೈದುನ ಕೇಳಿದ. ಅವನಿಗೆ ಐವತ್ತು. ಹೂಟಗಳ್ಳಿಯ ಒಂದು ಖಾಸಗಿ ಕಾರ್ಖಾನೆಯಲ್ಲಿ ಕೆಲಸ, ಅರವತ್ತಕ್ಕೆ ನಿವೃತ್ತಿ. ಒಂದು ಕೋಟಿ ಅನ್ನುವ ಸಂಖ್ಯೆ ಎಲ್ಲಿಂದ ಬಂತು ಅಂದರೆ, ಜೊತೆಯಲ್ಲಿ ಬಸ್ಸಿಗೆ ಬರುವವರು ಹೇಳಿದ್ದಂತೆ. ಕೋಟಿಗೆ ಏಳು ಪರ್ಸೆಂಟ್ ಬಡ್ಡಿ, ವರ್ಷಕ್ಕೆ ಏಳು ಲಕ್ಷ, ತಿಂಗಳಿಗೆ 58,000. "ಅಸಲು ಮುಟ್ಟದೆ ಕೂತು ತಿನ್ನಬಹುದು" ಅಂದ.

ಕೂತು ತಿನ್ನುವವನಿಗೆ ಕುಡಿಕೆ ಹೊನ್ನೂ ಸಾಲದು ಅಂತ ಗಾದೆ. ಸೋಮಾರಿಯನ್ನು ಬಯ್ಯಲು ಹುಟ್ಟಿದ ಮಾತು ಅದು. ಆದರೆ ನಿವೃತ್ತನಾದವನು ಕೂತೇ ತಿನ್ನಬೇಕು, ಬೇರೆ ದಾರಿ ಇಲ್ಲ. ಹಾಗಾಗಿ ಕುಡಿಕೆ ಎಷ್ಟು ದೊಡ್ಡದಿರಬೇಕು ಅನ್ನುವುದು ಬಯ್ಗುಳವಲ್ಲ, ಲೆಕ್ಕ. ನಾನು ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೂಡಿ ಕಳೆದು ಬಂದವನು. ಅವನ ಮಗಳ ಹಳೇ ನೋಟ್‌ಬುಕ್ ಒಂದನ್ನು ತರಿಸಿ ಅಲ್ಲೇ ಶುರು ಮಾಡಿದೆ. ಆ ಲೆಕ್ಕವನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಅಂಕಿಗಳನ್ನು ಅವನ ಒಪ್ಪಿಗೆ ಪಡೆದು ಸ್ವಲ್ಪ ತಿದ್ದಿದ್ದೇನೆ. ನಿಮ್ಮ ಅಂಕಿ ಹಾಕಿಕೊಂಡರೆ ನಿಮ್ಮ ಉತ್ತರ ಬರುತ್ತದೆ.

ಮೊದಲನೆಯದು: ಸಂಬಳ ಮರೆಯಿರಿ, ಖರ್ಚು ಬರೆಯಿರಿ

"ಕೊನೆಯ ಸಂಬಳದ ಎಪ್ಪತ್ತು ಪರ್ಸೆಂಟ್ ಬೇಕು" ಎಂದು ಹೇಳುವವರಿದ್ದಾರೆ. ಅದನ್ನು ನಂಬಬೇಡಿ. ಒಂದೇ ಸಂಬಳದ ಇಬ್ಬರಲ್ಲಿ ಒಬ್ಬ ಅರ್ಧ ಉಳಿಸುತ್ತಾನೆ, ಇನ್ನೊಬ್ಬ ತಿಂಗಳ ಇಪ್ಪತ್ತಕ್ಕೇ ಕ್ರೆಡಿಟ್ ಕಾರ್ಡ್ ಹಿಡಿಯುತ್ತಾನೆ. ಇಬ್ಬರಿಗೂ ಒಂದೇ ಗಂಟು ಹೇಗೆ ಸರಿಹೋದೀತು?

ತಿಂಗಳ ಖರ್ಚು ಎಷ್ಟು ಅಂತ ಭಾವಮೈದುನನನ್ನು ಕೇಳಿದೆ. ತಟ್ಟನೆ "ಮೂವತ್ತು ಸಾವಿರ" ಅಂದ. ಅಡುಗೆಮನೆಯಿಂದ ಅವನ ಹೆಂಡತಿ ಹೊರಗೆ ಬಂದಳು. "ಅಣ್ಣ, ಇವರು ಮುಯ್ಯಿ ಲೆಕ್ಕಕ್ಕೇ ಹಿಡಿದಿಲ್ಲ. ಹೋದ ವೈಶಾಖದಲ್ಲಿ ಎಂಟು ಮದುವೆ, ಮೂರು ಗೃಹಪ್ರವೇಶ." ಅಲ್ಲಿಂದ ಮುಂದಕ್ಕೆ ನೋಟ್‌ಬುಕ್ಕು ಅವಳ ಕೈಗೆ ಹೋಯಿತು. ಇದನ್ನೊಂದು ನಿಯಮವೆಂದೇ ಇಟ್ಟುಕೊಳ್ಳಿ: ಈ ಪಟ್ಟಿಯನ್ನು ಗಂಡ ಹೆಂಡತಿ ಜೊತೆಗೆ ಕೂತು ಬರೆಯಬೇಕು. ಒಬ್ಬರೇ ಬರೆದ ಪಟ್ಟಿಯಲ್ಲಿ ಇನ್ನೊಬ್ಬರು ಕೊಡುವ ದುಡ್ಡು ಕಾಣುವುದಿಲ್ಲ.

ತಿಂಗಳ ಖರ್ಚು ಹೀಗೆ ಬಂತು:

ದಿನಸಿ, ಹಾಲು, ತರಕಾರಿ, ಹೂವು: 14,000
ಕರೆಂಟು, ನೀರು, ಗ್ಯಾಸು, ಫೋನು, ಇಂಟರ್ನೆಟ್: 4,000
ಮನೆಕೆಲಸದಾಕೆಯ ಸಂಬಳ: 3,000
ಪೆಟ್ರೋಲು, ಆಟೋ, ಬಸ್ಸು: 4,000
ಡಾಕ್ಟರು, ಮಾತ್ರೆ: 4,000
ಬಟ್ಟೆ, ಹೋಟೆಲು, ಪೇಪರು, ಚಿಲ್ಲರೆ: 5,000

ಒಟ್ಟು 34,000. ಅವನು ಹೇಳಿದ್ದಕ್ಕೆ ಹತ್ತಿರವೇ ಇದೆ. ಅವನು ಮರೆತಿದ್ದು ತಿಂಗಳ ಖರ್ಚನ್ನಲ್ಲ, ವರ್ಷಕ್ಕೊಮ್ಮೆ ಬಂದು ಹೋಗುವ ಖರ್ಚನ್ನು. ಆರೋಗ್ಯ ವಿಮೆಗೆ 48,000. ಆಸ್ತಿ ತೆರಿಗೆ 8,000. ಕಾರು, ಸ್ಕೂಟರಿನ ವಿಮೆ ಮತ್ತು ಸರ್ವಿಸು 20,000. ಮುಯ್ಯಿ, ಹಬ್ಬ, ಗೌರಿ ಬಾಗಿನ ಸೇರಿ 40,000. ಊರಿಗೆ, ತೀರ್ಥಕ್ಷೇತ್ರಕ್ಕೆ, ಬೆಂಗಳೂರಿನ ಮಗಳ ಹತ್ತಿರ ಓಡಾಟಕ್ಕೆ 40,000. ತಾರಸಿ ಸೋರಿಕೆ, ಸುಣ್ಣ ಬಣ್ಣ, ಸಂಪಿನ ಮೋಟಾರು, ಹಳೆಯದಾದ ಫ್ರಿಜ್ಜು ಇವೆಲ್ಲ ಒಂದೇ ವರ್ಷ ಬರುವುದಿಲ್ಲ, ಆದರೆ ಹತ್ತು ವರ್ಷದ್ದನ್ನು ಕೂಡಿ ಭಾಗಿಸಿದರೆ ವರ್ಷಕ್ಕೆ 36,000 ಆಯಿತು. ಎಲ್ಲ ಕೂಡಿದರೆ 1,92,000, ಅಂದರೆ ತಿಂಗಳಿಗೆ 16,000.

ಮೂವತ್ತು ಸಾವಿರ ಅಂದಿದ್ದು ಐವತ್ತು ಸಾವಿರವಾಯಿತು.

ಇಲ್ಲೊಂದು ಮಾತು. ಅವನು ಮೊದಲು ಕರೆಂಟಿಗೆ ಸೊನ್ನೆ ಬರೆದಿದ್ದ. ಗೃಹಜ್ಯೋತಿ ಇದೆಯಲ್ಲ, 200 ಯೂನಿಟ್ ಒಳಗೆ ಬಿಲ್ಲಿಲ್ಲ. ಹೆಂಡತಿಯ ಬಸ್ ಖರ್ಚನ್ನೂ ಶಕ್ತಿ ಯೋಜನೆಯ ಲೆಕ್ಕದಲ್ಲಿ ಬಿಟ್ಟಿದ್ದ. ಎರಡನ್ನೂ ತಿದ್ದಿಸಿದೆ. ಎರಡೂ 2023ರಲ್ಲಿ ಬಂದ ಯೋಜನೆಗಳು. ನಾವು ಹಾಕುತ್ತಿರುವುದು ಮುಂದಿನ ನಲವತ್ತು ವರ್ಷದ ಲೆಕ್ಕ. ಇದ್ದಷ್ಟು ದಿನ ಅನುಭವಿಸಿ, ಲೆಕ್ಕದಲ್ಲಿ ಮಾತ್ರ ಇಡಬೇಡಿ.

ಎರಡನೆಯದು: ನಿಲ್ಲುವ ಖರ್ಚು, ಹುಟ್ಟುವ ಖರ್ಚು

ಗೃಹಸಾಲದ ಕಂತು, ಮಕ್ಕಳ ಫೀಸು, ಕಾರ್ಖಾನೆಗೆ ಹೋಗಿಬರುವ ಖರ್ಚು ನಿಲ್ಲುತ್ತವೆ. ಮೇಲಿನ ಪಟ್ಟಿಯಲ್ಲಿ ಇವನ್ನು ಸೇರಿಸಿಲ್ಲ. ನಿವೃತ್ತಿಯ ದಿನಕ್ಕೆ ಕಂತು ಬಾಕಿ ಇದ್ದರೆ, ಆ ಬಾಕಿಯನ್ನು ಗಂಟಿಗೆ ಪೂರ್ತಿ ಸೇರಿಸಿಕೊಳ್ಳಿ. ಮಗಳ ಮದುವೆಯ ದುಡ್ಡು ಬೇರೆ ಗಂಟು. ಅದನ್ನೂ ಇದನ್ನೂ ಒಂದೇ ಖಾತೆಯಲ್ಲಿಟ್ಟವರ ಪೈಕಿ ಮದುವೆಯ ಮರುವಾರ ನಿವೃತ್ತಿಯ ಗಂಟು ಉಳಿಸಿಕೊಂಡವರನ್ನು ನಾನು ಕೌಂಟರಿನಲ್ಲಿ ಕಂಡಿಲ್ಲ.

ಹುಟ್ಟುವ ಖರ್ಚಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ಮನೆಯಲ್ಲೇ ಇದ್ದರೆ ಖರ್ಚು ಕಡಿಮೆ ಎನ್ನುವುದು ಭ್ರಮೆ. ಹಗಲಿಡೀ ಫ್ಯಾನು, ಟೀವಿ, ಎರಡು ಸಲ ಹೆಚ್ಚು ಕಾಫಿ, ಬಂದವರಿಗೆ ತಿಂಡಿ. ಮೊದಲ ಐದಾರು ವರ್ಷ ಕೈಕಾಲು ಗಟ್ಟಿ ಇರುತ್ತದೆ, ಕಾಶಿ ಚಾರ್‌ಧಾಮ್ ಅಂತ ಹೊರಡುತ್ತೀರಿ, ಹೊರಡಲೂಬೇಕು. ಎಪ್ಪತ್ತೈದರ ನಂತರ ತಿರುಗಾಟ ನಿಂತು ಆ ದುಡ್ಡು ಔಷಧಿ ಅಂಗಡಿಗೆ ಹೋಗುತ್ತದೆ. ಒಟ್ಟು ಖರ್ಚು ಅಷ್ಟೇ ಇರುತ್ತದೆ ಎಂದು ಹಿಡಿಯುವುದು ಕ್ಷೇಮ.

ಹಳ್ಳಿಗೆ ವಾಪಸ್ ಹೋದರೆ ಅಗ್ಗ ಎನ್ನುವ ಯೋಚನೆಯೂ ಬಂತು. ತೋಟದ ಮನೆ, ಸ್ವಂತ ತೆಂಗು, ಬಾಡಿಗೆ ಇಲ್ಲ. ನಿಜ. ಆದರೆ ಹೃದ್ರೋಗ ತಜ್ಞರಿರುವ ಆಸ್ಪತ್ರೆ ಎಷ್ಟು ದೂರ ಅನ್ನುವುದನ್ನು ಮೊದಲು ಅಳೆಯಿರಿ, ಆಮೇಲೆ ತೆಂಗಿನ ಮರ ಎಣಿಸಿ.

ಮೂರನೆಯದು: ಹತ್ತು ವರ್ಷದಾಚೆಯ ಬೆಲೆಗೆ ಏರಿಸಿ

ಇವತ್ತಿನ 50,000 ನಿವೃತ್ತಿಯ ದಿನಕ್ಕೆ 50,000 ಆಗಿ ಉಳಿಯುವುದಿಲ್ಲ. ರಿಸರ್ವ್ ಬ್ಯಾಂಕ್ ಇಟ್ಟುಕೊಂಡಿರುವ ಗುರಿ 4 ಪರ್ಸೆಂಟ್, ಅದರಿಂದ ಆಚೆ ಈಚೆ ಎರಡು. ಮನೆ ಲೆಕ್ಕಕ್ಕೆ ನಾನು ಮೇಲಿನ ತುದಿ 6 ಹಿಡಿಯುತ್ತೇನೆ. ವಯಸ್ಸಾದವರ ಬುಟ್ಟಿಯಲ್ಲಿ ಮಾತ್ರೆ, ಆಸ್ಪತ್ರೆ, ಕೆಲಸದವರ ಸಂಬಳದ ಪಾಲು ಜಾಸ್ತಿ. ಇವು ಸಾಮಾನ್ಯ ಬೆಲೆಗಿಂತ ಬೇಗ ಏರುವುದನ್ನು ಎಲ್ಲರೂ ನೋಡಿದ್ದೇವೆ.

6 ಪರ್ಸೆಂಟ್ ಏರಿದರೆ 12 ವರ್ಷಕ್ಕೆ ಬೆಲೆ ದುಪ್ಪಟ್ಟು. ನೆನಪಿಡಲು 72ನ್ನು ಏರಿಕೆಯ ದರದಿಂದ ಭಾಗಿಸಿ, ದುಪ್ಪಟ್ಟಾಗುವ ವರ್ಷ ಸಿಗುತ್ತದೆ. ಕ್ಯಾಲ್ಕುಲೇಟರ್ ಬೇಡವೆಂದರೆ ಇಷ್ಟು ಸಾಕು: ನಿವೃತ್ತಿಗೆ 5 ವರ್ಷ ಇದ್ದರೆ ಇವತ್ತಿನ ಖರ್ಚನ್ನು 1.34ರಿಂದ ಗುಣಿಸಿ, 10 ವರ್ಷಕ್ಕೆ 1.79, 15ಕ್ಕೆ 2.4, 20ಕ್ಕೆ 3.2.

ಭಾವಮೈದುನನಿಗೆ 1.79. ತಿಂಗಳಿಗೆ ಸುಮಾರು 89,500, ವರ್ಷಕ್ಕೆ 10.75 ಲಕ್ಷ.

ಬಸ್ಸಿನ ಸ್ನೇಹಿತರ ಒಂದು ಕೋಟಿ ಎಲ್ಲಿ ಎಡವಿತು ಅಂತ ಈಗ ಕಾಣುತ್ತದೆ. 58,000 ಬಡ್ಡಿ ಮೊದಲ ವರ್ಷಕ್ಕೇ ಸಾಲದು. ಸಾಲುತ್ತದೆ ಅಂತಲೇ ಇಟ್ಟುಕೊಳ್ಳಿ, ಅಸಲು ಮುಟ್ಟಿಲ್ಲ ಎಂದು ಬೀಗುತ್ತಿದ್ದಾಗಲೇ 12 ವರ್ಷದಲ್ಲಿ ಆ 58,000ಕ್ಕೆ ಬರುವ ಸಾಮಾನು ಅರ್ಧಕ್ಕೆ ಇಳಿದಿರುತ್ತದೆ. ಬಡ್ಡಿ ಏಳು, ಬೆಲೆ ಏರಿಕೆ ಆರು. ಏಳರಲ್ಲಿ ಆರನ್ನು ತಿರುಗಿ ಅಸಲಿಗೆ ಹಾಕಿದರೆ ಮಾತ್ರ ಅಸಲು ನಿಜವಾಗಿ ಉಳಿದಂತೆ. ನಿಮ್ಮದಾಗಿ ತಿನ್ನಬಹುದಾದದ್ದು ಒಂದೇ ಒಂದು. ಬ್ಯಾಂಕಿನವನಾಗಿ ಇದನ್ನು ಎಷ್ಟೋ ಜನಕ್ಕೆ ಹೇಳಲು ನೋಡಿದ್ದೇನೆ, ಎಫ್‌ಡಿ ಬಾಂಡು ಕೈಲಿರುವಾಗ ಯಾರಿಗೂ ಕೇಳಿಸುವುದಿಲ್ಲ.

ನಾಲ್ಕನೆಯದು: ಖಾತರಿ ಆದಾಯ ಕಳೆಯಿರಿ

ಗಂಟಿಗೆ ಕೈಹಾಕದೆ ತಾನಾಗಿ ಬರುವ ಹಣವನ್ನು ವರ್ಷದ ಖರ್ಚಿನಲ್ಲಿ ಕಳೆಯಬೇಕು.

ಸರ್ಕಾರಿ ನೌಕರರಿಗೆ ಇಲ್ಲೇ ಅರ್ಧ ಲೆಕ್ಕ ಮುಗಿಯುತ್ತದೆ. ರಾಜ್ಯ ಸರ್ಕಾರದಲ್ಲಿ 2006ರ ಏಪ್ರಿಲ್ 1ಕ್ಕಿಂತ ಮೊದಲು ಸೇರಿದವರಿಗೆ ಹಳೆಯ ಪಿಂಚಣಿ ಇದೆ, ತುಟ್ಟಿಭತ್ಯೆ ಸೇರಿ ಅದು ಬೆಲೆಯ ಜೊತೆ ಏರುತ್ತದೆ. ಆಮೇಲೆ ಸೇರಿದವರು ಎನ್‌ಪಿಎಸ್, ಅಂದರೆ ಕಟ್ಟಿದ ದುಡ್ಡು ಬೆಳೆದಷ್ಟೇ ಪಿಂಚಣಿ. ಅವರು ಖಾಸಗಿಯವರ ಹಾಗೆಯೇ ಲೆಕ್ಕ ಹಾಕಿಕೊಳ್ಳಬೇಕು.

ಖಾಸಗಿ ನೌಕರರಿಗೆ ಪಿಎಫ್ ಜೊತೆಗೆ ಇಪಿಎಸ್ ಪಿಂಚಣಿ ಇದೆ. ಇದರ ಬಗ್ಗೆ ಬಹಳ ಜನಕ್ಕೆ ತಪ್ಪು ಕಲ್ಪನೆ. ಮೂಲವೇತನ ಎಷ್ಟೇ ಇರಲಿ, ಕಂಪನಿಯ ಪಾಲಿನಿಂದ ಇದಕ್ಕೆ ಹೋಗುವುದು ಸಾಮಾನ್ಯವಾಗಿ ತಿಂಗಳಿಗೆ 1,250 ಮಾತ್ರ, ಯಾಕೆಂದರೆ ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿ 15,000. ಸೂತ್ರ ಹೀಗಿದೆ: ಆ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. 2014ರ ಸೆಪ್ಟೆಂಬರ್‌ಗೆ ಮೊದಲಿನ ಸೇವೆಗೆ ಮಿತಿ 6,500. ಇಪ್ಪತ್ತು ವರ್ಷ ಸೇವೆ ಆದವರಿಗೆ ಎರಡು ವರ್ಷ ಹೆಚ್ಚುವರಿಯಾಗಿ ಸೇರುತ್ತದೆ. 2001ರಲ್ಲಿ ಸೇರಿದ ಭಾವಮೈದುನನಿಗೆ 58 ತುಂಬಿದಾಗ ಬರುವುದು ತಿಂಗಳಿಗೆ ಸುಮಾರು 5,900. "ಇಷ್ಟೇನಾ?" ಅಂದ. ಇಷ್ಟೇ. ಅದಕ್ಕೆ ತುಟ್ಟಿಭತ್ಯೆಯೂ ಇಲ್ಲ, ಅವನ ಎಂಬತ್ತರಲ್ಲೂ ಅದೇ 5,900. ಅವನ ನಂತರ ಹೆಂಡತಿಗೆ ಅದರ ಅರ್ಧ.

ಏರದ ಪಿಂಚಣಿಯನ್ನು ಪೂರ್ತಿ ಕಳೆದರೆ ಲೆಕ್ಕ ಸುಳ್ಳಾಗುತ್ತದೆ. ಮೂವತ್ತು ವರ್ಷದ ಅವಧಿಗೆ ಅದರ ಬೆಲೆ ಹೆಚ್ಚುಕಡಿಮೆ ಅರ್ಧ. ಹಾಗಾಗಿ ವರ್ಷದ 70,000ದಲ್ಲಿ 35,000 ಮಾತ್ರ ಹಿಡಿದೆ.

ಮಹಡಿ ಮನೆಯ ಬಾಡಿಗೆ ಈಗ 12,000. ಹತ್ತು ವರ್ಷಕ್ಕೆ 18,000 ಅಂತಿಟ್ಟುಕೊಂಡೆ. ವರ್ಷದಲ್ಲಿ ಒಂದು ತಿಂಗಳು ಖಾಲಿ ಬಿದ್ದಿರುತ್ತದೆ ಎಂದು ಹನ್ನೊಂದರಿಂದ ಗುಣಿಸಿದರೆ ಎರಡು ಲಕ್ಷ. ಬಾಡಿಗೆ ಬೆಲೆಯ ಜೊತೆ ಏರುವುದರಿಂದ ಇದನ್ನು ಪೂರ್ತಿ ಕಳೆಯಬಹುದು.

10.75ರಲ್ಲಿ 2.35 ಕಳೆದರೆ ಉಳಿಯುವುದು 8.4 ಲಕ್ಷ. ನಿವೃತ್ತಿಯ ಮೊದಲ ವರ್ಷ ಗಂಟಿನಿಂದ ತೆಗೆಯಬೇಕಾದ ಹಣ ಇದು. ಮುಂದಿನ ವರ್ಷಗಳಲ್ಲಿ ಬೆಲೆ ಏರಿದಷ್ಟು ಇದೂ ಏರುತ್ತದೆ.

ಮಕ್ಕಳು ಕಳಿಸುವ ದುಡ್ಡನ್ನು ಕಳೆಯಬೇಡಿ. ಕಳಿಸಿದರೆ ಸಂತೋಷ.

ಐದನೆಯದು: ಎಷ್ಟರಿಂದ ಗುಣಿಸುವುದು

ಯೂಟ್ಯೂಬಿನಲ್ಲಿ ಎಲ್ಲರೂ 25 ಅನ್ನುತ್ತಾರೆ. ಅದರ ಮೂಲ ವಿಲಿಯಂ ಬೆಂಗೆನ್ ಎಂಬ ಅಮೆರಿಕದ ಹಣಕಾಸು ಸಲಹೆಗಾರ 1994ರಲ್ಲಿ ಪ್ರಕಟಿಸಿದ ಲೆಕ್ಕ. ಮೊದಲ ವರ್ಷ ಗಂಟಿನ ನಾಲ್ಕು ಪರ್ಸೆಂಟ್ ತೆಗೆದು, ಆಮೇಲೆ ಬೆಲೆ ಏರಿಕೆಯಷ್ಟು ಏರಿಸುತ್ತ ಹೋದರೆ ಮೂವತ್ತು ವರ್ಷ ಗಂಟು ಬರಿದಾಗದು ಎಂದು ಅಲ್ಲಿನ ಷೇರು, ಬಾಂಡುಗಳ ಹಳೆಯ ಅಂಕಿ ಇಟ್ಟು ತೋರಿಸಿದ. ನಾಲ್ಕು ಪರ್ಸೆಂಟ್ ಅಂದರೆ ಇಪ್ಪತ್ತೈದು ಪಟ್ಟು. ಒಳ್ಳೆಯ ಕೆಲಸವೇ, ಆದರೆ ಅಮೆರಿಕದ್ದು. ಅರ್ಧ ದುಡ್ಡು ಷೇರಿನಲ್ಲಿ ಇಟ್ಟವರ ಲೆಕ್ಕ ಅದು. ನಮ್ಮಲ್ಲಿ ಹೆಚ್ಚಿನವರ ಗಂಟು ಇರುವುದು ಎಫ್‌ಡಿಯಲ್ಲಿ.

ನಾನು ಹಿಡಿಯುವ ದಾರಿ ಸರಳ. ತೆರಿಗೆ ಕಳೆದು ನಿಮ್ಮ ಹಣ ಬೆಲೆಯಷ್ಟೇ ಬೆಳೆಯುತ್ತದೆ ಎಂದಾದರೆ ಎಷ್ಟು ವರ್ಷ ಬದುಕುತ್ತೀರೋ ಅಷ್ಟರಿಂದ ಗುಣಿಸಿ. 30 ವರ್ಷಕ್ಕೆ 30. ಬೆಲೆಗಿಂತ ವರ್ಷಕ್ಕೆ ಒಂದು ಪರ್ಸೆಂಟ್ ಹೆಚ್ಚು ಬೆಳೆದರೆ 26. ಎರಡು ಪರ್ಸೆಂಟ್ ಆದರೆ 23. ಬೇಗ ನಿವೃತ್ತಿ ಆಗಿ 40 ವರ್ಷ ತಳ್ಳಬೇಕಾದವರಿಗೆ ಈ ಸಂಖ್ಯೆ 40, ಒಂದು ಪರ್ಸೆಂಟ್ ಹೆಚ್ಚು ಸಿಕ್ಕರೆ 33. ಪೂರ್ತಿ ಎಫ್‌ಡಿಯಲ್ಲಿ ಇಡುವವರು ಮೊದಲನೆಯ ಸಂಖ್ಯೆ ಹಿಡಿಯಲಿ. ಮೂರನೇ ಒಂದು ಪಾಲನ್ನಾದರೂ ಷೇರು ಆಧಾರಿತ ಮ್ಯೂಚುವಲ್ ಫಂಡಿನಲ್ಲಿಟ್ಟು, ಅದು ಒಂದೆರಡು ವರ್ಷ ಇಳಿದರೂ ನಿದ್ದೆ ಮಾಡಬಲ್ಲವರು 26 ಹಿಡಿಯಬಹುದು. 23ನ್ನು ನಾನು ಯಾರಿಗೂ ಹೇಳುವುದಿಲ್ಲ.

ವರ್ಷ ಎಣಿಸುವಾಗ ಹೆಂಡತಿಯ ವಯಸ್ಸು ನೋಡಬೇಕು. ನಮ್ಮ ಮನೆಗಳಲ್ಲಿ ಹೆಂಡತಿ ನಾಲ್ಕೈದು ವರ್ಷ ಚಿಕ್ಕವಳು. ಅವನಿಗೆ 90 ಆದಾಗ ಅವಳಿಗೆ 86. ಒಬ್ಬರೇ ಉಳಿದಾಗ ಖರ್ಚು ಅರ್ಧವಾಗುವುದಿಲ್ಲ, ಮನೆ ಅದೇ, ಕೆಲಸದಾಕೆ ಅದೇ. ಮೂರನೇ ಒಂದು ಪಾಲು ಇಳಿದರೆ ಹೆಚ್ಚು.

8.4 ಲಕ್ಷವನ್ನು 30ರಿಂದ ಗುಣಿಸಿದರೆ 2.52 ಕೋಟಿ. 26ರಿಂದ ಗುಣಿಸಿದರೆ 2.18 ಕೋಟಿ.

ಆಸ್ಪತ್ರೆಯ ಗಂಟು ಬೇರೆ

ಕಂಪನಿಯ ಗುಂಪು ವಿಮೆ ನಿವೃತ್ತಿಯ ದಿನವೇ ಮುಗಿಯುತ್ತದೆ, ಆ ದಿನದವರೆಗೆ ಕಾಯಬೇಡಿ. ನಿಮ್ಮದೇ ಪಾಲಿಸಿ ಐವತ್ತರ ಒಳಗೆ ಇರಲಿ. ಈಗಾಗಲೇ ಇರುವ ಶುಗರ್, ಬಿಪಿಗೆ ವಿಮಾ ಕಂಪನಿಗಳು ಗರಿಷ್ಠ ಮೂರು ವರ್ಷ ಕಾಯಿಸಬಹುದು. ಆ ಮೂರು ವರ್ಷ ನೌಕರಿಯಲ್ಲಿರುವಾಗಲೇ ಕಳೆದುಹೋಗಲಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲೆ ಜಿಎಸ್‌ಟಿ ಇಲ್ಲ, ಅದೊಂದು ಸಮಾಧಾನ.

ವಿಮೆ ಎಲ್ಲವನ್ನೂ ಕೊಡುವುದಿಲ್ಲ. ಹಲ್ಲು, ಕಿವಿಯ ಯಂತ್ರ, ತಿಂಗಳುಗಟ್ಟಲೆ ಫಿಸಿಯೋಥೆರಪಿ, ಬಿದ್ದು ಸೊಂಟ ಮುರಿದಾಗ ಮನೆಯಲ್ಲಿ ಹಗಲು ರಾತ್ರಿ ನೋಡಿಕೊಳ್ಳುವವರ ಸಂಬಳ, ಇವೆಲ್ಲ ಬಹುಪಾಲು ಕೈಯಿಂದಲೇ. ನನ್ನ ಅಮ್ಮನ ಕೊನೆಯ ಎರಡು ವರ್ಷದಲ್ಲಿ ಆಸ್ಪತ್ರೆಗಿಂತ ಹೆಚ್ಚು ಹೋಗಿದ್ದು ನೋಡಿಕೊಳ್ಳುವವರಿಗೆ. ಇವತ್ತಿನ ಬೆಲೆಯಲ್ಲಿ 14 ಲಕ್ಷ, ಹತ್ತು ವರ್ಷದಾಚೆ 25 ಲಕ್ಷ ಎಂದು ಬೇರೆ ಇಟ್ಟೆವು.

ಅಲ್ಲಿಗೆ 30ರ ಲೆಕ್ಕದಲ್ಲಿ 2.77 ಕೋಟಿ, 26ರ ಲೆಕ್ಕದಲ್ಲಿ 2.43 ಕೋಟಿ. ಸಂಖ್ಯೆ ನೋಡಿ ಅವನ ಮುಖ ಸಣ್ಣಗಾಯಿತು. ಇದು ಹತ್ತು ವರ್ಷದಾಚೆಯ ರೂಪಾಯಿ ಎಂದು ನೆನಪಿಸಿದೆ. ಇವತ್ತಿನ ರೂಪಾಯಿಯಲ್ಲಿ 2.77 ಕೋಟಿ ಅಂದರೆ ಸುಮಾರು 1.55 ಕೋಟಿ.

ಈಗ ಕೈಯಲ್ಲಿ ಎಷ್ಟಿದೆ

ನಿವೃತ್ತಿಯ ದಿನಕ್ಕೆ ಪ್ರತಿಯೊಂದೂ ಎಷ್ಟಾಗುತ್ತದೆ ಅಂತ ಬರೆಯಿರಿ. ಪಿಎಫ್‌ನಲ್ಲಿ ಈಗ 28 ಲಕ್ಷ ಇದೆ. ಬಡ್ಡಿ 2023-24ರಲ್ಲೂ 2024-25ರಲ್ಲೂ 8.25 ಇತ್ತು, ನಾನು 8 ಹಿಡಿದೆ. ಮೂಲವೇತನ 40,000ಕ್ಕೆ ಅವನದು 4,800, ಕಂಪನಿಯದು ಇಪಿಎಸ್ ಕಳೆದು 3,550. ಸಂಬಳ ಏರುತ್ತ ಹೋಗುವುದನ್ನೂ ಸೇರಿಸಿದರೆ ಹತ್ತು ವರ್ಷಕ್ಕೆ ಒಟ್ಟು 78 ಲಕ್ಷ. ಗ್ರಾಚ್ಯುಟಿಗೆ ಕೊನೆಯ ಮೂಲವೇತನವನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ, ಬಂದದ್ದನ್ನು ಆ ಕಂಪನಿಯಲ್ಲಿ ದುಡಿದ ವರ್ಷಗಳಿಂದ ಗುಣಿಸಿ. ಈ ಕಂಪನಿಯಲ್ಲಿ 25 ವರ್ಷ ಆಗಿರುತ್ತದೆ, ಸುಮಾರು 10 ಲಕ್ಷ. ಎಫ್‌ಡಿ, ಫಂಡು ಸೇರಿ ಈಗಿರುವ 15 ಲಕ್ಷ 29 ಆಗಬಹುದು.

ಒಟ್ಟು 1.17 ಕೋಟಿ.

"ಮನೆ ಬರೀಲಿಲ್ಲವಲ್ಲ ಭಾವ, ಈಗಲೇ ಒಂದೂಕಾಲು ಕೋಟಿ ಬಾಳುತ್ತೆ." ವಾಸದ ಮನೆಯನ್ನು ಬರೆಯಬಾರದು. ಅದನ್ನು ಮಾರಿ ಎಲ್ಲಿ ಮಲಗುತ್ತೀಯ? ಮನೆ ತನ್ನ ಪಾಲನ್ನು ಆಗಲೇ ಕೊಟ್ಟಾಗಿದೆ, ಖರ್ಚಿನ ಪಟ್ಟಿಯಲ್ಲಿ ಬಾಡಿಗೆ ಎಂಬ ಸಾಲೇ ಇಲ್ಲ. ಒಡವೆಯೂ ಹಾಗೆಯೇ. ಮಗಳಿಗೆ ಕೊಡುವ ಸರವನ್ನು ಗಂಟಿನಲ್ಲಿ ಎಣಿಸಿದರೆ ಅದು ಎರಡು ಸಲ ಖರ್ಚಾಗುತ್ತದೆ.

ಕೊರತೆ: ಪುಸ್ತಕ ಮುಚ್ಚಿಡಬೇಡಿ

2.77ರಲ್ಲಿ 1.17 ಹೋದರೆ 1.6 ಕೋಟಿ. ವರ್ಷಕ್ಕೆ 8 ಪರ್ಸೆಂಟ್ ಬೆಳೆಯುವ ಕಡೆ ಹತ್ತು ವರ್ಷ ಕಟ್ಟಿ ಇದನ್ನು ತುಂಬಬೇಕೆಂದರೆ ತಿಂಗಳಿಗೆ 87,500. ಅವನ ಕೈಗೆ ಬರುವ ಸಂಬಳವೇ 85,000.

ಹೆಚ್ಚಿನವರು ಪುಸ್ತಕ ಮುಚ್ಚಿ "ದೇವರಿದ್ದಾನೆ" ಅನ್ನುವುದು ಇಲ್ಲಿ. ಲೆಕ್ಕ ನಿಜವಾಗಿ ಶುರುವಾಗುವುದೂ ಇಲ್ಲೇ. ಒಂದೊಂದನ್ನೇ ಎಳೆದು ನೋಡೋಣ.

ಮೊದಲು ಗುಣಕ. ಪೂರ್ತಿ ಎಫ್‌ಡಿ ಎಂಬ ಹಟ ಬಿಟ್ಟು 26ಕ್ಕೆ ಬಂದರೆ ಬೇಕಾದದ್ದು 2.43 ಕೋಟಿ, ಕೊರತೆ 1.26 ಕೋಟಿಗೆ ಇಳಿಯುತ್ತದೆ.

ಆಮೇಲೆ ಸೈಟು. ಊರ ಹೊರಗೆ ಮೂವತ್ತು ನಲವತ್ತರ ಒಂದು ಸೈಟು ಇಟ್ಟುಕೊಂಡಿದ್ದಾನೆ. ವರ್ಷಕ್ಕೊಮ್ಮೆ ಹೋಗಿ ಗಿಡಗಂಟಿ ತೆಗೆಸಿ ಬೇಲಿ ನೋಡಿ ಬರುತ್ತಾನೆ. ತೆರಿಗೆ ಕಟ್ಟಿ ಕೈಗೆ 40 ಲಕ್ಷ ಬರಬಹುದು. ಏಳೂವರೆ ಪರ್ಸೆಂಟ್ ಬೆಳೆದರೆ ಹತ್ತು ವರ್ಷಕ್ಕೆ 82 ಲಕ್ಷ. "ಸೈಟೂ ಅಷ್ಟೇ ಏರುತ್ತಲ್ಲ" ಅಂದ. ಏರಬಹುದು. ಆದರೆ ಸೈಟಿನಿಂದ ಔಷಧಿಗೆ ಐದು ಸಾವಿರ ಕತ್ತರಿಸಿ ತೆಗೆಯಲು ಆಗುವುದಿಲ್ಲ. ಎಪ್ಪತ್ತೆರಡನೇ ವಯಸ್ಸಿನಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಗೂ ದಲ್ಲಾಳಿ ಮನೆಗೂ ಓಡಾಡಿ, ಅವಸರಕ್ಕೆ ಸಿಕ್ಕ ಬೆಲೆಗೆ ಮಾರಿದವರನ್ನು ನೋಡಿದ್ದೇನೆ. ನಮ್ಮವರಿಗೆ ಭೂಮಿಯ ಮೇಲೆ ಮೋಹ ಜಾಸ್ತಿ. ಒಂದು ಸೈಟು ಮಗಳಿಗೆ ಅಂತ ಇಟ್ಟರೆ ಸರಿ, ನಿವೃತ್ತಿಗೆ ಅಂತ ಇಟ್ಟರೆ ನಿವೃತ್ತಿಗೆ ಮುಂಚೆ ಅದನ್ನು ದುಡ್ಡಾಗಿ ಮಾಡಬೇಕು.

1.26 ಕೋಟಿಯಲ್ಲಿ 82 ಲಕ್ಷ ಹೋದರೆ 44 ಲಕ್ಷ. ತಿಂಗಳಿಗೆ 24,000. ಮುಂದಿನ ವರ್ಷ ಗೃಹಸಾಲದ 16,000 ಕಂತು ತೀರುತ್ತದೆ. ತೀರಿದ ತಿಂಗಳೇ ಅದನ್ನು ಸ್ವಯಂ ಪಿಎಫ್ ವಂತಿಗೆಗೂ ಎಸ್‌ಐಪಿಗೂ (ಫಂಡಿಗೆ ತಿಂಗಳು ತಿಂಗಳು ಕಟ್ಟುವ ಕಂತು) ತಿರುಗಿಸಬೇಕು. ಸಂಬಳದಲ್ಲೇ ಕತ್ತರಿಸಿಹೋಗುವ ಸ್ವಯಂ ವಂತಿಗೆ ಎಲ್ಲಕ್ಕಿಂತ ಸುಲಭ, ಬಡ್ಡಿಯೂ ಪಿಎಫ್‌ನದ್ದೇ. ನೌಕರನ ಪಾಲು ಒಟ್ಟು ವರ್ಷಕ್ಕೆ ಎರಡೂವರೆ ಲಕ್ಷ ದಾಟಿದರೆ ದಾಟಿದ್ದರ ಬಡ್ಡಿಗೆ ತೆರಿಗೆ ಬೀಳುತ್ತದೆ, ಅಷ್ಟು ನೋಡಿಕೊಳ್ಳಿ.

ಮೂರನೆಯದು ಇನ್ನೆರಡು ವರ್ಷ ದುಡಿಯುವುದು. ಪೂರ್ತಿ ಸಂಬಳ ಬೇಕಿಲ್ಲ, ಮನೆ ಖರ್ಚು ತೂಗಿದರೆ ಸಾಕು. ಎರಡು ವರ್ಷ ಗಂಟು ಮುಟ್ಟದಿದ್ದರೆ 17 ಲಕ್ಷ ಉಳಿದಂತೆ, ತಿಂಗಳ ಉಳಿತಾಯ 24,000ದಿಂದ 15,000ಕ್ಕೆ ಇಳಿಯುತ್ತದೆ. ಮೆಷಿನ್ ಗೊತ್ತಿರುವ ಹಳಬರನ್ನು ಸಣ್ಣ ಕಾರ್ಖಾನೆಗಳು ಸಂತೋಷವಾಗಿ ಕರೆಯುತ್ತವೆ. ಆದರೆ ಆರೋಗ್ಯ ಕೈಕೊಟ್ಟರೆ ಈ ದಾರಿ ಮುಚ್ಚುತ್ತದೆ, ಇದೊಂದನ್ನೇ ನೆಚ್ಚಿಕೊಳ್ಳಬಾರದು.

ಕೊನೆಯದು ಖರ್ಚು. ಇವತ್ತಿನ ತಿಂಗಳ ಖರ್ಚಿನಲ್ಲಿ ಒಂದು ಸಾವಿರ ಕಡಿಮೆಯಾದರೆ ಬೇಕಾದ ಗಂಟು ಎಷ್ಟು ಇಳಿಯುತ್ತದೆ? ಸಾವಿರವನ್ನು 1.79ರಿಂದ, ಹನ್ನೆರಡರಿಂದ, 26ರಿಂದ ಗುಣಿಸಿ. ಐದೂವರೆ ಲಕ್ಷ. ಇದನ್ನು ಹೇಳಿದಾಗ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಕಾರಿನ ಕಡೆ ನೋಡಿದರು. ವಾರಕ್ಕೊಮ್ಮೆ ಹೊರಡುವ ಕಾರು ಅದು.

ಗಂಟು ಬಿಚ್ಚುವ ದಿನ

ನಮ್ಮಜ್ಜಿ ಸಾಸಿವೆ ಡಬ್ಬಿಯಲ್ಲಿ ಒಂದಷ್ಟು, ಅಕ್ಕಿ ಡ್ರಮ್ಮಿನಲ್ಲಿ ಒಂದಷ್ಟು, ಕಬ್ಬಿಣದ ಪೆಟ್ಟಿಗೆಯಲ್ಲಿ ಒಂದಷ್ಟು ಇಡುತ್ತಿದ್ದರು. ನಿವೃತ್ತಿಯ ಹಣವನ್ನೂ ಹಾಗೆಯೇ ಮೂರು ಕಡೆ ಮಾಡಿ. ಸಾಸಿವೆ ಡಬ್ಬಿಯಲ್ಲಿ ಎರಡು ವರ್ಷದ ಖರ್ಚು: ಉಳಿತಾಯ ಖಾತೆ, ಸಣ್ಣ ಸಣ್ಣ ಎಫ್‌ಡಿ. ಅಕ್ಕಿ ಡ್ರಮ್ಮಿನಲ್ಲಿ ಆಮೇಲಿನ ಆರೇಳು ವರ್ಷದ್ದು. ಇದಕ್ಕೆ ಅಂಚೆ ಕಚೇರಿಯ, ಬ್ಯಾಂಕಿನ ಹಿರಿಯ ನಾಗರಿಕರ ಉಳಿತಾಯ ಯೋಜನೆ ಒಳ್ಳೆಯದು. 60 ತುಂಬಿದವರು ಒಬ್ಬರಿಗೆ 30 ಲಕ್ಷದವರೆಗೆ ಇಡಬಹುದು. 2023ರ ಏಪ್ರಿಲ್‌ನಲ್ಲಿ ಬಂದ 8.2 ಪರ್ಸೆಂಟ್ ದರದಲ್ಲಿ 30 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 61,500. ನೀವು ಹಾಕುವ ದಿನದ ದರ ಐದು ವರ್ಷ ಅಲುಗುವುದಿಲ್ಲ. ಉಳಿದದ್ದೆಲ್ಲ ಕಬ್ಬಿಣದ ಪೆಟ್ಟಿಗೆಗೆ, ಅಂದರೆ ಫಂಡಿಗೆ. ಒಳ್ಳೆಯ ವರ್ಷದಲ್ಲಿ ಅದರಿಂದ ತೆಗೆದು ಡ್ರಮ್ಮು ತುಂಬಿ, ಕೆಟ್ಟ ವರ್ಷದಲ್ಲಿ ಅದರ ಬೀಗ ಮುಟ್ಟಬೇಡಿ.

ಒಂದು ಬ್ಯಾಂಕು ಮುಳುಗಿದರೆ ಠೇವಣಿ ವಿಮೆಯಿಂದ ಒಬ್ಬರಿಗೆ ಖಾತರಿಯಾಗಿ ಸಿಗುವುದು ಅಸಲು ಬಡ್ಡಿ ಸೇರಿ ಐದು ಲಕ್ಷ. ಅರ್ಧ ಪರ್ಸೆಂಟ್ ಆಸೆಗೆ ಇಡೀ ಗ್ರಾಚ್ಯುಟಿಯನ್ನು ಒಂದೇ ಸಣ್ಣ ಸಹಕಾರಿ ಬ್ಯಾಂಕಿಗೆ ಒಯ್ಯಬೇಡಿ. ಹದಿನೈದು ಪರ್ಸೆಂಟ್ ಕೊಡುತ್ತೇನೆ ಎನ್ನುವ ಪರಿಚಿತರು ನಿವೃತ್ತಿಯ ತಿಂಗಳೇ ಮನೆಗೆ ಬರುತ್ತಾರೆ, ಅವರಿಗೆ ಕಾಫಿ ಮಾತ್ರ ಕೊಡಿ. ಖಾತೆಗಳು ಜಂಟಿಯಾಗಿರಲಿ, ನಾಮಿನಿ ಹೆಸರು ಸರಿಯಿರಲಿ. ಯಾವ ಬ್ಯಾಂಕು, ಯಾವ ಪಾಸ್‌ಬುಕ್ಕು, ಯಾವ ಬೀರು ಎಂಬುದು ಹೆಂಡತಿಗೆ ಗೊತ್ತಿರಲಿ.

ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ಈಗ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ. ಹತ್ತು ವರ್ಷದಾಚೆಯೂ ಹೀಗೇ ಇರುತ್ತದೆ ಎಂದು ನಾನು ಲೆಕ್ಕ ಹಾಕಿಲ್ಲ. ಇದ್ದರೆ ಲಾಭ.

ಹೊರಡುವಾಗ ಭಾವಮೈದುನನ ಹೆಂಡತಿಯ ಕೈಗೆ ನೋಟ್‌ಬುಕ್ಕು ಕೊಟ್ಟು, ಮೂರು ತಿಂಗಳು ಒಂದು ರೂಪಾಯಿ ಬಿಡದೆ ಬರೆಯಲು ಹೇಳಿಬಂದೆ. ಮೊನ್ನೆ ಮೊದಲ ತಿಂಗಳ ಲೆಕ್ಕ ಫೋನಿನಲ್ಲಿ ಹೇಳಿದಳು. ವರ್ಷದ ಖರ್ಚಿನ ಪಾಲು ಸೇರಿಸಿ 54,000 ಬಂದಿದೆ. ನಾಲ್ಕು ಸಾವಿರ ಹೆಚ್ಚು, ಅಂದರೆ ಗಂಟಿಗೆ ಇನ್ನೂ 22 ಲಕ್ಷ. ಅದರಲ್ಲಿ ಅರ್ಧ ಬೆಂಗಳೂರಿನ ಮಗಳಿಗೆ ಪ್ರತಿ ಶನಿವಾರ ಬಸ್ಸಿನಲ್ಲಿ ಕಳಿಸುವ ತಿಂಡಿ, ತುಪ್ಪ, ಮಲ್ಲಿಗೆ ಹೂವಿನದ್ದು. ಅದನ್ನು ನಿಲ್ಲಿಸುವ ಮಾತೇ ಇಲ್ಲವಂತೆ. ಕಾರಿಗೆ ಗಿರಾಕಿ ನೋಡುತ್ತಿದ್ದಾರೆ.